ನೀಲಿ ಕೈಯವರ ಕೇರಿ

"ಆ ಬಟ್ಟೆ ಮುಟ್ಟಬೇಡ, ತಿಜಾನಿ."

ಕಾನ್‌ಸ್ಟೇಬಲ್ ತಿಜಾನಿ ಕೈ ಹಿಂದಕ್ಕೆ ತೆಗೆದ. ಅಷ್ಟರಲ್ಲಿ ಮೇಜಿನ ಮೇಲಿದ್ದ ಬಟ್ಟೆಯ ಒಂದು ಮೂಲೆ ಮಡಚಿಯಾಗಿತ್ತು. ಒಣಗಿದ ಗಂಜಿ ಅಲ್ಲಿ ಬಿರಿದು ಬಿಳಿ ಪುಡಿ ನೆಲಕ್ಕೆ ಉದುರಿತ್ತು.

"ಸಾಹೇಬ್ರು ಸುತ್ತಿ ಸ್ಟೇಷನ್ನಿಗೆ ತಗೊಂಡು ಬಾ ಅಂದ್ರು, ಅಕ್ಕಾ."

"ಸಾಹೇಬ್ರಿಗೆ ನಾನು ಹೇಳ್ತೀನಿ. ನೀನು ಆ ಕಡೆ ನಿಂತ್ಕೋ."

ಅದು ಸತ್ತವಳ ಕೊನೆಯ ಕೆಲಸ. ನಿನ್ನೆ ಬೆಳಗ್ಗೆ ಇದೇ ಅಂಗಳದ ಹಿಂದಿನ ಸಾಲಿನಲ್ಲಿ, ಅಸಾಬಿಯ ಬಣ್ಣದ ಗುಡಾಣದೊಳಗೆ ತಲೆ ಮುಳುಗಿದ ಸ್ಥಿತಿಯಲ್ಲಿ ಅವೆರೊ ಹೆಣವಾಗಿ ಸಿಕ್ಕಿದ್ದಳು. ಅಸಾಬಿಯನ್ನು ಆಗಲೇ ಲಾಕಪ್ಪಿಗೆ ಹಾಕಿದ್ದರು.

ಎತ್ತುವಾಗ ನಾನೂ ಇದ್ದೆ. ನೀಲಿ ಗುಡಾಣದಿಂದ ತೆಗೆದದ್ದು ಮೊದಲು ಹಸಿರಾಗಿರುತ್ತದೆ, ಗಾಳಿ ತಾಗಿದ ಮೇಲೆ ನೀಲಿಗೆ ತಿರುಗುತ್ತದೆ. ಬಟ್ಟೆ ಹಾಗಾಗುವುದನ್ನು ಬಣ್ಣದವರ ಈ ಇಟೊಕು ಕೇರಿಯಲ್ಲಿ ಹುಟ್ಟಿದಾಗಿನಿಂದ ನೋಡಿದ್ದೇನೆ. ಅವೆರೊಳ ಮುಖವೂ ಹಾಗೇ ಆಯಿತು, ನಾವೆಲ್ಲ ಸುತ್ತ ನಿಂತು ನೋಡುತ್ತಿದ್ದ ಹಾಗೆ. ಆಗ ಹತ್ತಿದ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಇನ್‌ಸ್ಪೆಕ್ಟರ್ ಕೋಕರ್ ಗುಡಾಣಗಳ ಕಡೆಯಿಂದ ಮೂಗಿಗೆ ಕರವಸ್ತ್ರ ಒತ್ತಿಕೊಂಡು ಬಂದರು. ಲೇಗೋಸಿನವರು. ಹುದುಗಿದ ನೀಲಿ ಸೊಪ್ಪಿನ ವಾಸನೆ ಅವರಿಗೆ ಇನ್ನೂ ಒಗ್ಗಿರಲಿಲ್ಲ.

"ಏನು ಸಾರ್ಜೆಂಟ್ ಅಬಿಯೋನ, ಇನ್ನೂ ಮುಗಿದಿಲ್ವಾ? ನಾಳೆ ಬೆಳಗ್ಗೆ ಅವಳನ್ನ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು."

"ಯಾವ ಸಾಕ್ಷಿ ಇಟ್ಕೊಂಡು ಸಾರ್?"

"ಗುಡಾಣ ಅವಳದು. ಹೋದ ವಾರ ಇಬ್ಬರೂ ಜಗಳ ಆಡಿದ್ದನ್ನ ಇಡೀ ಕೇರಿ ಕೇಳಿದೆ. ಕತ್ತು ಹಿಡಿದು ಒತ್ತಿದ ಬೆರಳಿನ ಗುರುತು ಇದೆ ಅಂತ ಡಾಕ್ಟ್ರು ಹೇಳಿದಾರೆ. ಹಾಗೆ ಒತ್ತಿದವಳ ಕೈ ಮೊಣಕೈವರೆಗೂ ನೀಲಿ ಆಗಿರಲೇಬೇಕು. ಅಸಾಬಿ ಕೈ ನೀವೇ ನೋಡಿದೀರಿ."

ನಾನು ತಡೆದುಕೊಂಡೆ. ಸ್ವಲ್ಪ ಹೊತ್ತು ಮಾತ್ರ.

"ಸಾರ್, ಅಸಾಬಿ ಬಣ್ಣ ಅದ್ದುವವಳು. ಮದುವೆ ಆದಾಗಲೂ ಅವಳ ಕೈ ನೀಲಿ ಇತ್ತು, ಮಗು ಹೆತ್ತಾಗಲೂ ನೀಲಿ ಇತ್ತು. ಆ ಗೋಡೆ ಆಚೆ ಹೋಗಿ ನೋಡಿ. ಅಲ್ಲಿ ಬೂದಿ ನೀರು ಸೋಸ್ತಾ ಇರೋ ಮುದುಕಿ ಕೈ ನೀಲಿ. ಮೆಣಸಿನಕಾಯಿ ಮಾರೋಳು ಮೊದಲು ಬಣ್ಣದ ಕೆಲಸದಲ್ಲಿದ್ದಳು, ಅವಳ ಉಗುರು ನೀಲಿ. ಎಲ್ಲರನ್ನೂ ಹಿಡ್ಕೊಂಡು ಹೋಗೋಣ. ಲಾಕಪ್ಪಲ್ಲಿ ಜಾಗ ಇದೆಯಾ?"

ತಿಜಾನಿ ಕೆಮ್ಮಿದ. ಕೋಕರ್ ಹುಬ್ಬು ಗಂಟಿಕ್ಕಿದರು.

"ನೀವು ಈ ಕೇರಿಯವರು ಅಂತ ನಿಮ್ಮನ್ನ ಈ ಕೇಸಿಗೆ ಹಾಕಿದೆ. ಈ ಕೇರಿಯವರ ವಕೀಲಿ ಮಾಡೋಕಲ್ಲ. ಬಟ್ಟೆ ನೋಡಿ. ಪೂರ್ತಿ ಬರೆದು ಮುಗಿಸಿದಾಳೆ. ಮೊನ್ನೆ ಸೋಮವಾರ ಬೆಳಗ್ಗೆ ಶುರು ಮಾಡಿದ್ದಳು ಅಂತ ನೀವೇ ಹೇಳಿದ್ರಿ. ಇಷ್ಟು ಬರೆಯೋಕೆ ಇಡೀ ದಿನ ಬೇಕು ಅಂತಲೂ ನೀವೇ ಹೇಳಿದ್ರಿ. ಅಂದರೆ ಹೊತ್ತು ಮುಳುಗೋವರೆಗೂ ಬದುಕಿದ್ದಳು. ಹೊತ್ತು ಮುಳುಗಿದ ಮೇಲೆ ಈ ಅಂಗಳಕ್ಕೆ ಬಂದವಳು ಅಸಾಬಿ ಒಬ್ಬಳೇ. ತಲೆನೋವು, ಒಳಗೆ ಮಲಗಿಬಿಟ್ಟೆ, ಹಿಂದುಗಡೆ ಹೋಗಲಿಲ್ಲ ಅಂತಾಳೆ. ಯಾರು ನಂಬ್ತಾರೆ?"

ಸಿಟ್ಟಿನ ಮಾತು ಬಾಯಿಯವರೆಗೆ ಬಂದಿತ್ತು. ಆದರೆ ನನ್ನ ಕಣ್ಣು ಬಟ್ಟೆಯ ಮೇಲಿತ್ತು.

ಬಿಳಿ ಬಟ್ಟೆಯ ಮೇಲೆ ಮರಗೆಣಸಿನ ಹಿಟ್ಟಿನ ಗಂಜಿಯಿಂದ ಚಿತ್ರ ಬರೆಯುವುದು ಅವೆರೊಳ ಕೆಲಸ. ಗಂಜಿ ಹತ್ತಿದ ಜಾಗಕ್ಕೆ ನೀಲಿ ಇಳಿಯುವುದಿಲ್ಲ. ಅದ್ದಿ, ಒಣಗಿಸಿ, ಕೆರೆದು ತೆಗೆದಾಗ ಕಡುನೀಲಿಯ ನಡುವೆ ಗೆರೆಗಳು ತಿಳಿಯಾಗಿ ಎದ್ದು ಬರುತ್ತವೆ. ಬಟ್ಟೆಯನ್ನು ಚೌಕ ಚೌಕವಾಗಿ ಮಡಚಿ ಗುರುತು ಮಾಡಿಕೊಂಡು, ಒಂದೊಂದು ಚೌಕದಲ್ಲಿ ಒಂದೊಂದು ಚಿತ್ರ: ಹಕ್ಕಿ, ಮೀನು, ಚಂದ್ರ, ಗೆಣಸಿನ ಎಲೆ. ಕೈಯಲ್ಲಿ ಒಂದು ಕೋಳಿ ಗರಿ, ಅಷ್ಟೆ.

ಗರಿಯ ಗೆರೆ ಶುರುವಾಗುವ ಕಡೆ ದಪ್ಪ, ಮುಗಿಯುವ ಕಡೆ ತೆಳು.

"ಸಾರ್, ಸ್ವಲ್ಪ ಹತ್ತಿರ ಬನ್ನಿ."

"ಏನು?"

"ಅವೆರೊಳ ಬಲಗೈ ನೆನಪಿದೆಯಾ? ಹೆಬ್ಬೆರಳು ಮುದುಡಿ ಹೋಗಿತ್ತು. ಕಾಸ್ಟಿಕ್ ಸೋಡಾ ಡಬ್ಬಿ ಕೈ ಮೇಲೆ ಬಿದ್ದು ಸುಟ್ಟದ್ದು. ಆಮೇಲೆ ಎಡಗೈಯಲ್ಲಿ ಬರೆಯೋದು ಕಲಿತಳು. ಎಡಗೈಯವರು ಈ ಅಡ್ಡಗೆರೆಗಳನ್ನ ಬಲದಿಂದ ಎಡಕ್ಕೆ ಎಳೀತಾರೆ. ನೋಡಿ, ಈ ಮೇಲಿನ ಚೌಕಗಳಲ್ಲಿ ಬಲಗಡೆ ದಪ್ಪ, ಎಡಗಡೆ ತೆಳು."

ಅವರು ಬಗ್ಗಿ ನೋಡಿದರು. ನಾನು ಬೆರಳನ್ನು ಕೆಳಗಿನ ಸಾಲುಗಳಿಗೆ ತಂದೆ.

"ಇಲ್ಲಿ ನೋಡಿ."

ಕೋಕರ್ ಕರವಸ್ತ್ರ ಮೂಗಿನಿಂದ ತೆಗೆದರು. ಕೆಳಗಿನ ಸಾಲುಗಳಲ್ಲಿ ಅದೇ ಹಕ್ಕಿ, ಅದೇ ಮೀನು. ದೂರದಿಂದ ನೋಡಿದರೆ ವ್ಯತ್ಯಾಸವೇ ಕಾಣದು. ಆದರೆ ಪ್ರತಿಯೊಂದು ಗೆರೆಯೂ ಎಡಗಡೆ ದಪ್ಪ, ಬಲಗಡೆ ತೆಳು.

"ಇನ್ನೊಂದು. ಗಂಜಿ ಬೆಳಗ್ಗೆ ಕಾಯಿಸ್ತಾರೆ. ಹೊತ್ತು ಏರಿದ ಹಾಗೆ ಗಟ್ಟಿಯಾಗುತ್ತೆ, ಗೆರೆ ತರಿತರಿ ಆಗುತ್ತೆ. ಮಧ್ಯದ ಸಾಲಿಗೆ ಬರೋ ಹೊತ್ತಿಗೆ ಆಗಲೇ ಹಾಗಾಗಿದೆ. ಆದರೆ ಕೆಳಗಿನ ಸಾಲುಗಳಲ್ಲಿ ಮತ್ತೆ ನಯ. ಇದು ಬೇರೆ ಗಂಜಿ. ಬೇರೆ ಕೈ."

"ಅಂದರೆ..."

"ಅವಳ ಕೈ ಅರ್ಧಕ್ಕೇ ನಿಂತಿದೆ. ಮಧ್ಯಾಹ್ನದ ಹೊತ್ತಿಗೇ ಅವೆರೊ ಸತ್ತಿದ್ದಳು. ಅವಳು ಸಂಜೆವರೆಗೂ ಬದುಕಿದ್ದಳು ಅಂತ ನಾವು ನಂಬಲಿ ಅಂತ ಯಾರೋ ಕೂತು ಬಟ್ಟೆ ಮುಗಿಸಿದಾರೆ. ಸೋಮವಾರ ಲಾಫೆನ್ವಾ ಸಂತೆ. ಕೇರಿಯೆಲ್ಲ ಖಾಲಿ. ಅಸಾಬಿ ಬೆಳಗ್ಗಿಂದ ಸಂಜೆವರೆಗೂ ಸಂತೆಯಲ್ಲೇ ಕೂತಿದ್ದಳು, ನೋಡಿದವರು ನೂರು ಜನ ಇದಾರೆ."

ಹೆಣವನ್ನು ಅಲ್ಲೇ ಬಣ್ಣದಲ್ಲಿ ಬಿಟ್ಟು, ಇಲ್ಲಿ ನೆರಳಲ್ಲಿ ಕೂತು, ಗರಿ ಹಿಡಿದು ಹಕ್ಕಿ ಬರೆದಿದ್ದಾರೆ.

ಕೋಕರ್ ಕರವಸ್ತ್ರ ಮಡಚಿ ಜೇಬಿಗೆ ಹಾಕಿದರು. ಕೆಟ್ಟ ಮನುಷ್ಯರಲ್ಲ, ಬೇಗ ಮುಗಿಯಲಿ ಎನ್ನುವವರು.

"ನಾಳೆ ಬೆಳಗ್ಗೆವರೆಗೆ ಟೈಮ್ ಕೊಡ್ತೀನಿ. ಈ ಬಟ್ಟೆ ಬರೆದವರು ಯಾರು ಅಂತ ಹೆಸರು ತಂದುಕೊಡಿ. ಇಲ್ಲಾಂದ್ರೆ ಅಸಾಬಿ ಕೋರ್ಟಿಗೆ."

*

ಗಂಜಿ ಉದುರದಂತೆ ಬಟ್ಟೆಯನ್ನು ಚಾಪೆಯ ಮೇಲಿಟ್ಟು ಸಡಿಲವಾಗಿ ಸುತ್ತಿ, ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಅವ್ವನ ಮನೆಗೆ ಹೋದೆ.

ಅವ್ವ ಹಿತ್ತಿಲ ಬಾಗಿಲಲ್ಲಿ ಕೂತು ಕಲ್ಲಂಗಡಿ ಬೀಜ ಸುಲಿಯುತ್ತಿದ್ದಳು. ಕೇರಿಯವರಿಗೆಲ್ಲ ಅವಳು ಇಯಾ ಅಬಿಯೋನ, ಅಂದರೆ ಅಬಿಯೋನಳ ಅವ್ವ, ನನ್ನ ಹೆಸರಿನಿಂದಲೇ ಕರೆಯುತ್ತಾರೆ. ಬಟ್ಟೆಗೆ ಗಂಟು ಕಟ್ಟಿ ಚುಕ್ಕಿ ಚಂದ್ರ ಮೂಡಿಸುವುದು, ಸೂಜಿಗೆ ನಾರು ಪೋಣಿಸಿ ಹೊಲಿದು ಬಣ್ಣ ತಡೆಯುವುದು, ಗರಿಯಲ್ಲಿ ಬರೆಯುವುದು, ಮೂರರಲ್ಲೂ ಅವಳ ಕೈ ಪಳಗಿತ್ತು. ಅವೆರೊಳಿಗೆ ಗರಿ ಹಿಡಿಯಲು ಕಲಿಸಿದವಳು ಅವಳೇ. ನನಗೂ ಕಲಿಸಲು ನೋಡಿದಳು. ನಾನು ಪೊಲೀಸ್ ಆದೆ.

"ಊಟ ಮಾಡಿದ್ಯೇನೇ?"

"ಆಮೇಲೆ. ಇದನ್ನ ನೋಡು."

ಚಾಪೆ ಬಿಚ್ಚಿದೆ. ಅವ್ವ ಬೀಜದ ಮೊರ ಪಕ್ಕಕ್ಕಿಟ್ಟು ಕೈ ಒರೆಸಿಕೊಂಡಳು. ಬಟ್ಟೆಯನ್ನು ಮುಟ್ಟಲಿಲ್ಲ. ಮೇಲಿನ ಸಾಲಿನಿಂದ ಕೆಳಗಿನವರೆಗೆ ಒಂದು ಸಲ ನೋಡಿದಳು, ಅಷ್ಟೆ.

"ಮೇಲಿಂದು ಅವೆರೊ."

"ಕೆಳಗಿಂದು?"

"ಅವಳದಲ್ಲ."

"ಅದು ನನಗೂ ಗೊತ್ತಾಯ್ತು. ಯಾರದು?"

"ಗೊತ್ತಿಲ್ಲ."

"ಅವ್ವಾ, ರಸ್ತೆಯಲ್ಲಿ ಹೋಗೋರ ಮೈಮೇಲಿನ ಬಟ್ಟೆ ನೋಡಿ ಯಾರು ಬರೆದದ್ದು ಅಂತ ಹೇಳ್ತಿದ್ದೆ. ಬರೆದವಳಿಗೆ ಆ ದಿನ ಜ್ವರ ಇತ್ತು ಅಂತಲೂ ಹೇಳ್ತಿದ್ದೆ."

"ಆಗ ಕಣ್ಣಿತ್ತು. ಈಗ ಇಲ್ಲ."

ಮತ್ತೆ ಮೊರ ತೊಡೆಯ ಮೇಲೆ ಎಳೆದುಕೊಂಡಳು. ಎರಡು ಬೀಜ ಸುಲಿದು, ತಲೆ ಎತ್ತದೆ ಅಂದಳು: "ಭಾನುವಾರ ಅವೆರೊ ಇಲ್ಲಿಗೆ ಬಂದಿದ್ದಳು."

"ಭಾನುವಾರ? ಸಾಯೋ ಹಿಂದಿನ ದಿನ? ಇದನ್ನ ನಿನ್ನೆ ಯಾಕೆ ಹೇಳಲಿಲ್ಲ?"

"ನೀನು ಕೇಳಲಿಲ್ಲ."

"ನಾನು ಮನೆಮನೆಗೆ ಹೋಗಿ ಎಲ್ಲರನ್ನೂ ಕೇಳಿದೀನಿ."

"ಮನೆಮನೆಗೆ ಹೋಗಿದೀಯ. ನಿಮ್ಮನೆಗೆ ಬರಲಿಲ್ಲ."

ಇವಳ ಜೊತೆ ಜಗಳಕ್ಕೆ ನಿಂತರೆ ಸಂಜೆಯಾಗುತ್ತದೆ ಎಂದು ಸಿಟ್ಟು ನುಂಗಿ ಕೇಳಿದೆ, "ಯಾಕೆ ಬಂದಿದ್ದಳು?"

ಅವ್ವ ಎದ್ದು ಒಳಗೆ ಹೋಗಿ, ಒಂದು ತುಂಡು ಬಟ್ಟೆ ತಂದು ನನ್ನ ಮಡಿಲಿಗೆ ಎಸೆದಳು. ತೆಳ್ಳನೆಯ ಮಿಲ್ಲಿನ ಬಟ್ಟೆ. ಬಣ್ಣ ಒಂದೇ ಮಗ್ಗುಲಿಗೆ ಹತ್ತಿತ್ತು, ಹಿಂದುಗಡೆ ಬೆಳ್ಳಗೆ. ಆದರೆ ಚಿತ್ರ ನನಗೆ ಗೊತ್ತಿತ್ತು. ರೆಕ್ಕೆ ಬಿಚ್ಚಿದ ಹಕ್ಕಿ, ಅದರ ಬಾಯಲ್ಲಿ ಗೆಣಸಿನ ಬಳ್ಳಿ. ಅವೆರೊ ತಾನೇ ಯೋಚಿಸಿ ಮಾಡಿದ ಚಿತ್ರ. ಕೇರಿಯಲ್ಲಿ ಬೇರೆ ಯಾರೂ ಬರೆಯುತ್ತಿರಲಿಲ್ಲ.

"ಹಕ್ಕಿ ಎಡಗಡೆ ರೆಕ್ಕೆ ಕೆಳಗೆ ನೋಡು," ಅಂದಳು ಅವ್ವ.

ರೆಕ್ಕೆಯ ಕೆಳಗೆ ಒಂದು ಹನಿ. ಪಕ್ಕದ ಹಕ್ಕಿಯ ರೆಕ್ಕೆಯ ಕೆಳಗೂ ಅದೇ ಹನಿ, ಅದೇ ಜಾಗದಲ್ಲಿ. ಅದರ ಪಕ್ಕದ್ದಕ್ಕೂ.

"ಅದು ಅವಳ ಗರಿಯಿಂದ ತಪ್ಪಿ ಬಿದ್ದ ಗಂಜಿ ಹನಿ. ಒಂದೇ ಒಂದು ಬಟ್ಟೆಯಲ್ಲಿ ಬಿದ್ದಿತ್ತು. ಹನಿ ಬಿದ್ದಿದ್ದಕ್ಕೆ ಮಾರದೆ ಒಬ್ಬಳಿಗೆ ಹಾಗೇ ಉಡುಗೊರೆ ಕೊಟ್ಟಳು. ಈಗ ಆ ಹನಿ ಊರೆಲ್ಲ ಓಡಾಡ್ತಿದೆ."

"ಯಾರಿಗೆ ಕೊಟ್ಟಿದ್ದಳು?"

"ಮೊರೆನಿಕೆಗೆ."

ಮೊರೆನಿಕೆ ಬಟ್ಟೆ ವ್ಯಾಪಾರಿ. ಕೇರಿಯ ಬಟ್ಟೆಯನ್ನು ಅಕ್ರಾವರೆಗೆ ಕಳಿಸಿ ದೊಡ್ಡವಳಾದವಳು. ಬಣ್ಣದ ಹೆಂಗಸರ ಸಭೆಯಲ್ಲಿ ಅವಳಿಗೆ ಯಾವಾಗಲೂ ಮುಂದಿನ ಪೀಠ.

"ಶುಕ್ರವಾರದ ಸಭೆಯಲ್ಲಿ ಎಲ್ಲರ ಮುಂದೆ ಈ ತುಂಡು ಹಿಡಿದು ಮೊರೆನಿಕೆ ಹೆಸರು ಹೇಳ್ತೀನಿ ಅಂತ ಬಂದಿದ್ದಳು," ಅಂದಳು ಅವ್ವ. "ಬೇಡ, ಸುಮ್ಮನಿರು ಅಂದೆ. ಕೇಳಲಿಲ್ಲ. ಯಾರ ಮಾತು ಕೇಳಿದಾಳೆ ಅವಳು."

ಕೊನೆಯ ಮಾತು ಹೇಳುವಾಗ ಅವ್ವನ ದನಿ ಗಡುಸಾಗಿತ್ತು. ದುಃಖ ಇರಬೇಕೆಂದುಕೊಂಡೆ.

*

ಮೊರೆನಿಕೆಯ ಅಂಗಡಿ ಕೆಳಗೆ, ಮನೆ ಮೇಲೆ. ನಾನು ಹೋದಾಗ ಇಬ್ಬರು ಹೆಂಗಸರಿಗೆ ಬಟ್ಟೆ ಬಿಚ್ಚಿ ತೋರಿಸುತ್ತಿದ್ದಳು. ತುಂಬುತೋಳಿನ ಬಿಳಿ ಲೇಸಿನ ರವಿಕೆ, ತಲೆಗೆ ಎತ್ತರಕ್ಕೆ ಕಟ್ಟಿದ ವಸ್ತ್ರ. ಹಿಂದಿನ ಗೋಡೆಯುದ್ದಕ್ಕೂ ಹಕ್ಕಿಯ ಥಾನುಗಳು.

"ಬಾ ಮಗಳೇ," ಅಂದಳು. "ಪಾಪ, ಅವೆರೊ ಸುದ್ದಿ ಕೇಳಿ ನಿನ್ನೆಯಿಂದ ನನಗೆ ಅನ್ನ ಸೇರ್ತಿಲ್ಲ."

"ಇವರನ್ನ ಕಳಿಸು."

ಅವಳು ನನ್ನ ಮುಖ ನೋಡಿದಳು. ಹೆಂಗಸರು ತಾವಾಗಿಯೇ ಎದ್ದು ಹೋದರು. ನಾನು ಬಾಗಿಲು ಮುಂದೆ ಮಾಡಿ, ತುಂಡನ್ನು ಮೇಜಿನ ಮೇಲಿದ್ದ ಕತ್ತರಿಯ ಪಕ್ಕದಲ್ಲಿಟ್ಟೆ.

"ಹನಿ ಕಾಣ್ತಿದೆಯಾ ಅತ್ತೆ?"

"ಯಾವ ಹನಿ?"

"ನಿನ್ನ ಹಿಂದೆ ಗೋಡೆ ತುಂಬ ಇದೆಯಲ್ಲ, ಆ ಹನಿ. ಅವೆರೊ ನಿನಗೆ ಪ್ರೀತಿಯಿಂದ ಕೊಟ್ಟ ಬಟ್ಟೆ. ಅದನ್ನ ತಗೊಂಡು ಹೋಗಿ ಮಿಲ್ಲಿನವರಿಗೆ ಕೊಟ್ಟೆ. ಚಿತ್ರ ಕದಿಯೋಕೆ ಹೋಗಿ ತಪ್ಪನ್ನೂ ಸೇರಿಸಿ ಕದ್ದೆ."

ನಿರಾಕರಿಸುತ್ತಾಳೆ ಎಂದುಕೊಂಡಿದ್ದೆ. ಮೊರೆನಿಕೆ ಕುರ್ಚಿಯಲ್ಲಿ ಹಿಂದಕ್ಕೆ ಒರಗಿ ಕೂತಳು.

"ಕೊಟ್ಟೆ. ಏನೀಗ? ಬಟ್ಟೆ ನನ್ನದು. ಉಡ್ತೀನಿ, ಒರೆಸ್ತೀನಿ, ಮಿಲ್ಲಿಗೆ ಕೊಡ್ತೀನಿ."

"ಚಿತ್ರ ನಿನ್ನದಾ?"

"ಚಿತ್ರ ಯಾರದೇ ಹುಡುಗಿ? ಹಕ್ಕಿ ಅವೆರೊ ಹೆತ್ತಿದ್ದಾ? ಕೂತ್ಕೋ, ಹೇಳ್ತೀನಿ. ನನ್ನ ಅಜ್ಜಿ ಕಾಲದಲ್ಲಿ ಇಲ್ಲಿ ಕೈಮಗ್ಗದ ದಪ್ಪ ಬಟ್ಟೆಗೆ ಬಣ್ಣ ಹಾಕ್ತಿದ್ರು. ಹಡಗಿನಲ್ಲಿ ನಯವಾದ ಬಿಳಿ ಬಟ್ಟೆ ಬಂತು. ನೇಯೋರ ಹೊಟ್ಟೆ ಮೇಲೆ ಹೊಡೀತು ಅಂತ ಅತ್ತವರು ಯಾರು? ಆ ನಯ ಬಟ್ಟೆ ಬಂದದ್ದಕ್ಕೇ ಗರಿ ಹಿಡಿದು ಗೆರೆ ಎಳೆಯೋಕಾಗಿದ್ದು. ಆಮೇಲೆ ಗಂಡಸರು ತಗಡು ಕತ್ತರಿಸಿ ಅಚ್ಚು ಮಾಡಿದ್ರು, ಗರಿಯವರು ಬೈದ್ರು. ಡಬ್ಬಿಯಲ್ಲಿ ಬಣ್ಣದ ಪುಡಿ ಬಂತು, ಕಾಸ್ಟಿಕ್ ಬಂತು, ಸೊಪ್ಪು ಕುಟ್ಟೋರು ಬೈದ್ರು. ಈಗ ಯಾರ ಗುಡಾಣದಲ್ಲಿ ಕಾಸ್ಟಿಕ್ ಇಲ್ಲ ಹೇಳು. ಪ್ರತಿ ಸಲ ಕೇರಿ ಸತ್ತೋಯ್ತು ಅಂತ ಬಾಯಿ ಬಡ್ಕೋತಾರೆ. ನಿಮ್ಮವ್ವನೂ ಬಡ್ಕೊಂಡಿದಾಳೆ. ಈಗ ಮಿಷನ್ನು. ಅಷ್ಟೆ."

"ಅವರೆಲ್ಲ ತಾವೇ ಕೂತು ಕೆಲಸ ಮಾಡಿದ್ರು. ಕೈ ಸುಟ್ಕೊಂಡ್ರು. ನೀನು ಏನು ಸುಟ್ಕೊಂಡೆ? ಅವೆರೊ ಬೆನ್ನು ಬಗ್ಗಿಸಿ ಬರೆದದ್ದನ್ನ ಅವಳಿಗೊಂದು ಮಾತು ಹೇಳದೆ ಮಾರ್ಕೊಂಡೆ. ಅವಳು ಕೇಳೋಕೆ ಬಂದಳು. ಶುಕ್ರವಾರ ಸಭೆಯಲ್ಲಿ ಎದ್ದು ನಿಂತಿದ್ರೆ ಈ ಕೇರಿಯಲ್ಲಿ ನಿನಗೆ ಯಾರೂ ನೀರು ಕೊಡ್ತಿರಲಿಲ್ಲ."

"ಅದಕ್ಕೆ ನಾನು ಕೊಂದೆ ಅಂತೀಯಾ?"

"ನೀನು ಹೇಳು."

ಮೊರೆನಿಕೆ ನಕ್ಕಳು. "ಸೋಮವಾರ ಸಂಜೆ ನಾನು ಇಕೆಜಾ ಬೀದಿ ಅಜ್ಜಿಯ ಉತ್ತರಕ್ರಿಯೆ ಊಟದಲ್ಲಿದ್ದೆ. ಡೋಲಿನವರು ನನ್ನ ಹೆಸರು ಹಿಡಿದು ಹೊಗಳಿದಾರೆ. ನಿಮ್ಮ ಇನ್‌ಸ್ಪೆಕ್ಟರು ನನ್ನ ಪಕ್ಕದ ಮೇಜಲ್ಲೇ ಕೂತು ಅನ್ನ ತಿಂದಿದಾರೆ. ಹೋಗಿ ಕೇಳು."

"ಕೇಳಬೇಕಾಗಿಲ್ಲ. ಅವೆರೊ ಸತ್ತದ್ದು ಸಂಜೆ ಅಲ್ಲ."

ನಗು ಮುಖದ ಮೇಲೇ ಒಣಗಿತು.

"ಮಧ್ಯಾಹ್ನ ನಾನು ಮೇಲೆ ಮಲಗಿದ್ದೆ," ಅಂದಳು. "ಸೆಖೆ ಇತ್ತು."

ನಾನು ಮೇಜಿನ ಮೇಲೆ ಎರಡೂ ಕೈ ಊರಿ ಅವಳ ಮುಖಕ್ಕೆ ಮುಖ ಕೊಟ್ಟೆ.

"ಸಂಜೆ ಅಲ್ಲ ಅಂದೆ. ಬೆಳಗ್ಗೆ ಇರಬಹುದು, ನಡುರಾತ್ರಿ ಇರಬಹುದು. ಮಧ್ಯಾಹ್ನ ಅಂತ ನಿನಗೆ ಯಾರು ಹೇಳಿದ್ರು?"

ಹೊರಗೆ ಯಾರೋ ಮರದ ಕೊಡತಿಯಿಂದ ಬಟ್ಟೆ ಬಡಿದು ಹೊಳಪು ಕೊಡುತ್ತಿದ್ದರು. ಮೊರೆನಿಕೆಯ ಮೇಲ್ದುಟಿಯ ಮೇಲೆ ಬೆವರು ಮೂಡಿತು.

"ಹೋಗಿದ್ದೆ," ಅಂದಳು ಕೊನೆಗೆ. "ಮಧ್ಯಾಹ್ನ ಹೋಗಿದ್ದೆ. ಮಾತಾಡೋಣ, ಪಾಲು ಕೊಡ್ತೀನಿ ಅಂತ ಹೇಳೋಕೆ. ಮೇಜಿನ ಹತ್ತಿರ ಅವಳಿರಲಿಲ್ಲ. ಬಟ್ಟೆ ಅರ್ಧಕ್ಕೆ ನಿಂತಿತ್ತು. ಹಿಂದುಗಡೆ ಹೋದೆ. ನೋಡಿದೆ. ಓಡಿ ಬಂದೆ."

"ನೋಡಿ ಓಡಿ ಬಂದೆ. ಎತ್ತಲಿಲ್ಲ. ಕೂಗಲಿಲ್ಲ. ಮಾರನೆಯ ದಿನ ಬಂದು ಎಲ್ಲರ ಜೊತೆ ಎದೆ ಬಡ್ಕೊಂಡು ಅತ್ತೆ."

"ಎತ್ತಿದ್ರೆ ಬದುಕ್ತಿದ್ದಳಾ? ಎತ್ತಿದ್ರೆ ನನ್ನ ಕೈ ನೀಲಿ ಆಗ್ತಿತ್ತು. ಆಗ ನೀನು ನನ್ನ ಮಾತು ನಂಬ್ತಿದ್ಯಾ?"

"ಈಗ ನಂಬ್ತೀನಿ ಅಂತ ಯಾರು ಹೇಳಿದ್ರು?"

ಅವಳು ಎದ್ದಳು. ಲೇಸಿನ ತೋಳುಗಳ ಗುಂಡಿ ಒಂದೊಂದಾಗಿ ಬಿಚ್ಚಿ, ಎರಡೂ ತೋಳನ್ನು ಭುಜದವರೆಗೆ ಎಳೆದು ನನ್ನ ಮೂಗಿನ ಮುಂದೆ ಹಿಡಿದಳು.

"ನೋಡು. ಉಗುರಿನ ಸಂದು ನೋಡು. ಉಂಗುರ ತೆಗೀತೀನಿ, ಅದರ ಕೆಳಗೂ ನೋಡು. ಗುಡಾಣದಲ್ಲಿ ಕೈ ಅದ್ದಿದವಳ ಉಗುರು ಎರಡೇ ದಿನಕ್ಕೆ ಹೀಗೆ ಬೆಳ್ಳಗಾಗುತ್ತಾ? ಬಣ್ಣದವಳ ಮಗಳು ನೀನು. ಹೇಳು."

ಉಗುರಿಗೆ ಹತ್ತಿದ ನೀಲಿ ಉಗುರು ಬೆಳೆದು ಕತ್ತರಿಸುವವರೆಗೆ ಹೋಗದು. ಅವಳ ಉಗುರುಗಳು ಅವಳ ಲೇಸಿನಷ್ಟೇ ಬಿಳುಪಾಗಿದ್ದವು. ಈ ಕೈ ಯಾರನ್ನೂ ಗುಡಾಣದಲ್ಲಿ ಒತ್ತಿಲ್ಲ. ನನ್ನ ಸಿಟ್ಟು ಗೋಡೆಗೆ ಹೊಡೆದಂತಾಗಿ ನನ್ನ ಮೇಲೇ ತಿರುಗಿತು.

"ನೀಲಿ ಕೈ ಬೇಕಿದ್ರೆ ನಿಮ್ಮ ಕೇರಿಯಲ್ಲಿ ಹುಡುಕು," ಅಂದಳು ಮೊರೆನಿಕೆ, ತೋಳು ಇಳಿಸುತ್ತ. "ಕಳ್ಳಿ ಅನ್ನು, ಒಪ್ಕೋತೀನಿ. ಕೊಲೆಗಾರ್ತಿ ಅನ್ನಬೇಡ."

"ಬಟ್ಟೆ ಅರ್ಧಕ್ಕೆ ನಿಂತಿತ್ತು ಅಂದೆಯಲ್ಲ. ಅದನ್ನ ನೀನೇ ಮುಗಿಸಿದ್ಯಾ?"

"ನಾನಾ? ನನಗೆ ಗರಿ ಹಿಡಿಯೋಕೂ ಬರಲ್ಲ. ಮುಗಿಸಿದಾರಾ? ಯಾರು?"

ಆ ಬೆರಗು ನಟನೆಯಾಗಿರಲಿಲ್ಲ. ನಾನು ಚಾಪೆ ಬಿಚ್ಚಿದೆ.

"ಇಷ್ಟು ವರ್ಷ ಎಲ್ಲರ ಬಟ್ಟೆ ಕೊಂಡು ಮಾರಿದವಳು ನೀನು. ಕೆಳಗಿನ ಸಾಲು ಯಾರ ಕೈ ಹೇಳು."

ಮೊರೆನಿಕೆ ಕನ್ನಡಕ ಹಾಕಿಕೊಂಡು ಬಗ್ಗಿದಳು. ಮೇಲಿನ ಸಾಲು ನೋಡಿ ತಲೆ ಆಡಿಸಿದಳು. ಮಧ್ಯಕ್ಕೆ ಬಂದಳು. ಕೆಳಗೆ ಬಂದಳು. ಒಂದು ಮೀನಿನ ಹುರುಪೆಗಳ ಹತ್ತಿರ ಅವಳ ಬೆರಳು ನಿಂತಿತು, ಬಟ್ಟೆಗೆ ತಾಗದೆ.

ನೆಟ್ಟಗೆ ನಿಂತು ಕನ್ನಡಕ ತೆಗೆದಳು. ನಾನು ಒಳಗೆ ಬಂದಾಗಿನಿಂದ ಇಲ್ಲದ ಒಂದು ಭಾವ ಈಗ ಅವಳ ಮುಖದ ಮೇಲಿತ್ತು. ನನ್ನನ್ನು ಕಂಡು ಅವಳಿಗೆ ಅಯ್ಯೋ ಅನ್ನಿಸಿದ ಹಾಗೆ.

"ಸುತ್ತಿ ಇಡು ಮಗಳೇ," ಅಂದಳು. "ಯಾರಿಗೂ ತೋರಿಸಬೇಡ. ಅಸಾಬಿನ ಬಿಡಿಸ್ಕೋ, ಸಾಕು. ಇಲ್ಲಿಗೆ ಬಿಟ್ಟುಬಿಡು."

"ಹೆಸರು ಹೇಳು."

"ಹೇಳಲ್ಲ."

"ಸ್ಟೇಷನ್ನಿಗೆ ಎಳ್ಕೊಂಡು ಹೋಗ್ತೀನಿ."

"ಎಳ್ಕೊಂಡು ಹೋಗು. ಅಲ್ಲೂ ಹೇಳಲ್ಲ. ನಾಳೆ ನೀನೇ ಬಂದು ನನ್ನ ಕೈ ಹಿಡ್ಕೊಂಡು, ಹೇಳದೆ ಇದ್ದದ್ದು ಒಳ್ಳೇದಾಯ್ತು ಅಂತೀಯ."

ಅವಳ ಕಪಾಳಕ್ಕೆ ಬಿಡಬೇಕೆನಿಸಿತು. ಚಾಪೆ ಸುತ್ತಿಕೊಂಡು ಹೊರಗೆ ಬಂದೆ.

*

ಸ್ಟೇಷನ್ ತಲುಪಿದಾಗ ಬಿಸಿಲು ಇಳಿಯುತ್ತಿತ್ತು. ಕೋಕರ್ ಕೋಣೆಗೆ ನೇರ ನುಗ್ಗಿ, ಮೊರೆನಿಕೆ ಮಧ್ಯಾಹ್ನ ಹೆಣ ನೋಡಿದ್ದನ್ನು ಒಪ್ಪಿಕೊಂಡಿದ್ದಾಳೆ, ಬಟ್ಟೆ ಆಗ ಅರ್ಧಕ್ಕೆ ನಿಂತಿತ್ತು ಎಂದೆ.

"ಹಾಗಾದರೆ ಅಸಾಬಿ ಅಲ್ಲ," ಅಂದರು ಅವರು. ಅವರ ಮುಖದಲ್ಲಿ ಸಮಾಧಾನವಿತ್ತು. "ಬಿಟ್ಟುಬಿಡಿ. ಮೊರೆನಿಕೆಯನ್ನ ನಾನೇ ಕರೆಸ್ತೀನಿ."

ಲಾಕಪ್ಪಿನ ಬೀಗ ನಾನೇ ತೆಗೆದೆ. ಅಸಾಬಿ ಗೋಡೆಗೆ ಒರಗಿ ಕೂತಿದ್ದಳು, ನೀಲಿ ಕೈಗಳನ್ನು ಮಡಿಲಲ್ಲಿ ಮಗುಚಿಟ್ಟುಕೊಂಡು. ಅವೆರೊ ಮತ್ತು ಅವಳು ಒಂದೇ ಅಂಗಳದಲ್ಲಿ ಬೆಳೆದವರು. ಕಾಸ್ಟಿಕ್ ಹಾಕಿದ ನಿನ್ನ ಗುಡಾಣಕ್ಕೆ ನನ್ನ ಬಟ್ಟೆ ಅದ್ದಲಾರೆ ಎಂದು ಅವೆರೊ ಹಟ ಹಿಡಿದ ಮೇಲೂ ಪಕ್ಕಪಕ್ಕದಲ್ಲೇ, ಮಾತಿಲ್ಲದೆ, ಕೆಲಸ ಮಾಡಿದವರು.

"ಏಳಕ್ಕಾ, ಮನೆಗೆ ಹೋಗೋಣ."

ಅವಳು ಏಳಲಿಲ್ಲ.

"ಅಸಾಬಿ ಅಕ್ಕಾ, ನಿನ್ನ ತಪ್ಪಿಲ್ಲ ಅಂತ ಗೊತ್ತಾಯ್ತು. ಅವೆರೊ ಸತ್ತಾಗ ನೀನು ಸಂತೆಯಲ್ಲಿದ್ದೆ."

"ಮಧ್ಯದಲ್ಲಿ ಎದ್ದು ಬಂದಿದ್ದೆ," ಅಂದಳು.

"ಏನು?"

"ಎದ್ದು ಬಂದಿದ್ದೆ. ನಾನೇ ಕೊಂದೆ. ಕತ್ತು ಹಿಡಿದು ಒತ್ತಿದೆ. ಆಮೇಲೆ ವಾಪಸ್ ಸಂತೆಗೆ ಹೋದೆ. ಸಾಹೇಬರನ್ನ ಕರಿ, ಬರ್ಕೊಳ್ಳಲಿ."

ಬೆಳಗ್ಗೆ ಇದೇ ಅಸಾಬಿ ಕಂಬಿ ಹಿಡಿದು, ನಾನಲ್ಲ ಅಬಿಯೋನ, ನನ್ನ ಮಗಳಾಣೆಗೂ ನಾನಲ್ಲ ಎಂದು ಅತ್ತಿದ್ದಳು. ಈಗ ಅವಳ ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ. ಪಾಠ ಒಪ್ಪಿಸುವ ಮಕ್ಕಳ ಹಾಗೆ ಗೋಡೆ ನೋಡಿಕೊಂಡು ಹೇಳುತ್ತಿದ್ದಳು.

"ಬಟ್ಟೆ ಮುಗಿಸಿದ್ದು ಯಾರು ಹಾಗಾದ್ರೆ? ನಿನಗೆ ಗರಿ ಹಿಡಿಯೋಕೆ ಬರುತ್ತಾ?"

"ಅದು ನನಗೆ ಗೊತ್ತಿಲ್ಲ. ಕೊಂದದ್ದು ನಾನು."

"ಯಾರನ್ನ ಉಳಿಸೋಕೆ ನೋಡ್ತಿದೀಯ? ಅಸಾಬಿ, ಇದು ನೇಣಿನ ಮಾತು. ನನ್ನ ಕಡೆ ನೋಡಿ ಹೇಳು."

ಅವಳು ನನ್ನ ಕಡೆ ನೋಡಿದಳು. ಮೊರೆನಿಕೆ ನೋಡಿದ್ದ ಅದೇ ನೋಟ. ಆಮೇಲೆ ಮುಖವನ್ನು ಗೋಡೆಗೆ ತಿರುಗಿಸಿ ಕೂತಳು.

ನಾನು ಹೊರಗೆ ಬಂದು ತಿಜಾನಿಯ ಅಂಗಿ ಹಿಡಿದು ಓಣಿಯ ಮೂಲೆಗೆ ಎಳೆದೆ. "ನಾನು ಇಲ್ಲದಾಗ ಇವಳನ್ನ ನೋಡೋಕೆ ಯಾರು ಬಂದಿದ್ರು?"

"ಯಾರೂ... ಒಬ್ಬರು ಬಂದಿದ್ರು ಅಕ್ಕಾ. ಊಟ ತಂದಿದ್ರು. ಎಲೆಯಲ್ಲಿ ಸುತ್ತಿದ ಜೋಳದ ಎಕೊ, ಅಲಸಂದೆ ಕಡುಬು. ವಯಸ್ಸಾದವರು, ಹೇಗೆ ಬೇಡ ಅನ್ನೋದು. ಬಹಳ ಹೊತ್ತು ಒಳಗೆ ಕೂತಿದ್ರು. ಮೆಲ್ಲಗೆ ಮಾತಾಡ್ತಿದ್ರು, ನನಗೆ ಕೇಳಿಸಲಿಲ್ಲ."

"ಯಾರು ಅಂತ ಕೇಳಿದೆ."

ತಿಜಾನಿ ತನ್ನ ಬೂಟು ನೋಡಿಕೊಂಡ.

"ನಿಮ್ಮ ಅವ್ವ."

ನಾನು ಅವನ ಅಂಗಿ ಬಿಟ್ಟೆ. ಮೊರೆನಿಕೆಯ ಬೆರಳು ನಿಂತಿದ್ದ ಆ ಮೀನು ಯಾರ ಕೈ ಎಂದು ಈಗ ತಿಳಿಯಿತು.

"ಹೋಗುವಾಗ ನಿಮಗೆ ಒಂದು ಮಾತು ಹೇಳು ಅಂದ್ರು," ಅಂದ ಅವನು. "ನನ್ನ ಮಗಳಿಗೆ ಹೇಳು, ಇವತ್ತು ಮನೆಗೆ ಬರೋದು ಬೇಡ ಅಂದ್ರು. ಬಂದರೂ ಬಾಗಿಲು ತೆಗೆಯೋಕೆ ನಾನಿರಲ್ಲ ಅಂದ್ರು."